ಇಂಜಿನ್ನಿಗೊಂದು ಅಂಗಪೂಜೆ

ಮೇಷ್ಟ್ರಾಗಿ ನಿವೃತ್ತನಾದವನಿಗೆ ಏನೇನು ಕಷ್ಟ ಎಂದು ಯಾರಾದರೂ ಕೇಳಿದರೆ ಮಂಡಿನೋವು, ಸಕ್ಕರೆ ಇಲ್ಲದ ಕಾಫಿ, ಮಧ್ಯಾಹ್ನದ ಹೊತ್ತು ಮನೆಯಲ್ಲೇ ಇರುವುದರಿಂದ ಹೆಂಡತಿಗೆ ಆಗುವ ಕಿರಿಕಿರಿ ಎಂದು ಪಟ್ಟಿ ಕೊಡಬಹುದು. ಆದರೆ ಇವೆಲ್ಲಕ್ಕಿಂತ ದೊಡ್ಡ ಕಷ್ಟ ಒಂದಿದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಊರಿನವರು ನಮ್ಮನ್ನು ನಂಬಿಬಿಡುತ್ತಾರೆ. ಮೂವತ್ತೆರಡು ವರ್ಷ ಕೈಯಲ್ಲಿ ಸೀಮೆಸುಣ್ಣ ಹಿಡಿದು, ಹಿಂದಿನ ದಿನ ಗೈಡಿನಲ್ಲಿ ಓದಿಕೊಂಡದ್ದನ್ನು ಹುಟ್ಟಿನಿಂದಲೇ ಗೊತ್ತಿದ್ದವನ ಹಾಗೆ ಹೇಳಿದ್ದಕ್ಕೆ ಸಿಕ್ಕ ಫಲ ಇದು. ಮದುವೆ ಮನೆಯಲ್ಲಿ ಮೈಕು ಕೆಟ್ಟರೆ ಸೈನ್ಸ್ ಮೇಷ್ಟ್ರು ಇದ್ದಾರಲ್ಲ ಅನ್ನುತ್ತಾರೆ. ಬೋರ್‌ವೆಲ್ಲಿನಲ್ಲಿ ನೀರು ಬರದಿದ್ದರೆ ನನ್ನನ್ನು ಕರೆದುಕೊಂಡು ಹೋಗಿ ಆ ಒಣ ಪೈಪಿನ ಮುಂದೆ ನಿಲ್ಲಿಸುತ್ತಾರೆ. ನಾನೂ ಕೈ ಹಿಂದೆ ಕಟ್ಟಿಕೊಂಡು, ಎರಡು ಸಲ ಹೂಂ ಅಂದು, "ನೋಡೋಣ" ಅನ್ನುತ್ತೇನೆ. ಅಷ್ಟಕ್ಕೇ ಅವರಿಗೆ ಸಮಾಧಾನವಾಗಿ ಕಾಫಿ ಕೊಟ್ಟು ಕಳಿಸುತ್ತಾರೆ. ನನಗೇನೂ ಗೊತ್ತಿಲ್ಲ ಕಣ್ರಪ್ಪ ಎಂದು ಹೇಳುವ ಧೈರ್ಯ ಇದುವರೆಗೆ ಬಂದಿರಲಿಲ್ಲ. ಕಾರಿನ ವಿಷಯದಲ್ಲಿ ಸಿಕ್ಕಿಬಿದ್ದದ್ದೂ ಹೀಗೇ.

ನಮ್ಮ ಕಾರಿಗೆ ನಮ್ಮ ಮಗಳಷ್ಟೇ ವಯಸ್ಸು. ಮಗಳಿಗೆ ಮದುವೆಯಾಗಿ ಎರಡು ಮಕ್ಕಳಿವೆ ಎಂದರೆ ನಿಮಗೆ ಅಂದಾಜು ಸಿಗುತ್ತದೆ. ಎರಡು ವರ್ಷದಿಂದ ಅದು ಶ್ರೀರಂಗಪಟ್ಟಣದ ನಮ್ಮ ಮನೆಯ ಪಕ್ಕದ ಬಿಸಿಲಿನಲ್ಲಿ ನಿಂತು, ಅದರ ಮೇಲೆ ಹಪ್ಪಳ ಸಂಡಿಗೆ ಒಣಗುತ್ತಿದ್ದವು. ಕೊನೆಗಾಲದಲ್ಲಿ ಅದು ಪೆಟ್ರೋಲಿನಷ್ಟೇ ಆಯಿಲನ್ನೂ ಕುಡಿಯುತ್ತಿತ್ತು. ಹೊಗೆ ಎಷ್ಟಿತ್ತೆಂದರೆ ಹಿಂದೆ ಬರುವ ಸ್ಕೂಟರಿನವರು ಕೆಮ್ಮಿಕೊಂಡು ಪಕ್ಕಕ್ಕೆ ನಿಲ್ಲುತ್ತಿದ್ದರು. ಗುಜರಿಗೆ ಹಾಕಿ ಎಂದು ಎಲ್ಲರೂ ಹೇಳಿದರು. ನನ್ನ ಹೆಂಡತಿ ಜಯ ಮಾತ್ರ ಏನೂ ಹೇಳಲಿಲ್ಲ. ಪಾಂಡವಪುರದ ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿ ಜನರ ಅರ್ಜಿ ನೋಡಿ ನೋಡಿ, ಎದುರಿನವರು ತಾವಾಗಿ ಬಾಯಿಬಿಡುವವರೆಗೆ ಸುಮ್ಮನಿರುವ ಅಭ್ಯಾಸ ಅವಳಿಗೆ. ಆ ಮೌನ ತಡೆಯಲಾರದೆ ನಾನೇ ಒಂದು ದಿನ ಇಂಜಿನ್ ಇಳಿಸಿ ಪೂರಾ ಹೊಸದು ಮಾಡಿಸುತ್ತೇನೆ ಎಂದುಬಿಟ್ಟೆ. ಅವಳು ಹಪ್ಪಳ ತೆಗೆದುಕೊಂಡು ಒಳಗೆ ಹೋದಳು.

ಕೆಲಸ ಒಪ್ಪಿಸಿದ್ದು ಪಕ್ಕದ ಬಾಬುರಾಯನಕೊಪ್ಪಲಿನ ನಿಂಗೇಗೌಡನಿಗೆ. ಮೈಸೂರು ರಸ್ತೆಯ ಪಕ್ಕದಲ್ಲಿ ಅವನದೊಂದು ಶೆಡ್ಡು. ಒಂದು ಕಾಲದಲ್ಲಿ ಈ ಕಡೆಯ ಅರ್ಧ ಟ್ರಾಕ್ಟರು, ಕಾರು ಅವನ ಕೈಯಲ್ಲೇ ಉಸಿರಾಡುತ್ತಿದ್ದವು. ಈಗ ಬರುವ ಕಾರುಗಳಿಗೆ ಕಂಪ್ಯೂಟರು ಬೇಕು, ಅದು ಅವನಲ್ಲಿಲ್ಲ. ಸಾಲದ್ದಕ್ಕೆ ಹೋದ ವರ್ಷ ಅವನ ಕಣ್ಣಿಗೆ ಪೊರೆ ಆಪರೇಷನ್ ಆಯಿತು. ಕಣ್ಣು ಚೆನ್ನಾಗೇ ಆಯಿತು, ಆದರೆ ಜನರ ಬಾಯಲ್ಲಿ ಅದು ಚೆನ್ನಾಗಲಿಲ್ಲ. ನಿಂಗೇಗೌಡನಿಗೆ ಕಣ್ಣು ಕಾಣ್ಸಕಿಲ್ವಂತೆ ಎಂದು ಒಬ್ಬ ಅಂದದ್ದು ಕೆ.ಆರ್. ಪೇಟೆಯವರೆಗೂ ಹೋಯಿತು. ಒಂದು ವರ್ಷದಿಂದ ಅವನ ಶೆಡ್ಡಿಗೆ ಆಯಿಲ್ ಬದಲಾಯಿಸುವವರು ಬಿಟ್ಟರೆ ಇಂಜಿನ್ ಕೆಲಸ ಎಂದು ಯಾರೂ ಬಂದಿರಲಿಲ್ಲ. ನಾನು ಹೋಗಿ ಹೇಳಿದಾಗ ಅವನು ಒರಸಿದ್ದ ಸ್ಪಾನರನ್ನೇ ಮತ್ತೆ ಒರಸಿದ. ಆಮೇಲೆ ಇದೊಂದು ಸರಿಯಾಗಿ ಎದ್ದರೆ ನನ್ನ ಶೆಡ್ಡೂ ಎದ್ದಂಗೆ ಸಾರ್ ಎಂದ.

ಅವನು ಹಾಗೆಂದದ್ದಕ್ಕೆ ಕಾರಣವಿತ್ತು. ನಾಗಮಂಗಲದಲ್ಲಿ ರಾಜಣ್ಣ ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ನಾನು ಅಲ್ಲಿನ ಹೈಸ್ಕೂಲಿನಲ್ಲಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ನಿದ್ದೆ ಮಾಡುತ್ತಿದ್ದವನು, ಈಗ ತೆಂಗಿನ ತೋಟ ಮಾಡಿಕೊಂಡು ದೊಡ್ಡ ಕುಳವಾಗಿದ್ದಾನೆ. ಅವನ ಹಳೆಯ ಜೀಪಿನ ಇಂಜಿನ್ನೂ ಕೆಟ್ಟು ಕೂತಿತ್ತು. ನಿಮ್ಮ ಕಾರು ಹೆಂಗೆ ಸ್ಟಾರ್ಟ್ ಆಗುತ್ತೆ ನೋಡ್ಕೊಂಡು ಆಮೇಲೆ ಗೌಡ್ರಿಗೆ ಕೊಡೋದೋ ಬೇಡವೋ ತೀರ್ಮಾನ ಮಾಡ್ತೀನಿ ಸಾರ್ ಎಂದಿದ್ದ. ಅವನ ನೆಂಟರಿಷ್ಟರಲ್ಲೇ ಇನ್ನೂ ನಾಲ್ಕೈದು ಹಳೆಯ ಗಾಡಿಗಳಿದ್ದವು. ರಾಜಣ್ಣ ಕೊಟ್ಟರೆ ಅವರೂ ಕೊಡುತ್ತಾರೆ, ಅವನು ಮೂತಿ ತಿರುಗಿಸಿದರೆ ಎಲ್ಲರೂ ತಿರುಗಿಸುತ್ತಾರೆ. ಇದು ನಿಂಗೇಗೌಡನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮೂರು ತಿಂಗಳು ಹಿಡಿಯಿತು. ಪಿಸ್ಟನ್ನು ಮೈಸೂರಿನಲ್ಲಿ ಸಿಕ್ಕಿತು, ರಿಂಗಿಗೆ ಕೆ.ಆರ್. ಪೇಟೆಯ ಹಳೆಯ ಅಂಗಡಿಯ ಅಟ್ಟ ಹುಡುಕಬೇಕಾಯಿತು. ಒಂದೊಂದು ಸಾಮಾನು ಬಂದಾಗಲೂ ನಿಂಗೇಗೌಡ ಫೋನು ಮಾಡಿ ಕರೆಸುತ್ತಿದ್ದ, ನಾನು ಬಸ್ಸು ಹತ್ತಿ ಹೋಗಿ ಹೂಂ ಅಂದು ಬರುತ್ತಿದ್ದೆ. ಹೂಂ ಅಂದು ಅಂದೇ ನನಗೆ ಸುಸ್ತಾಗಿತ್ತು. ಅಂತೂ ಇಂಜಿನ್ನು ಜೋಡಣೆಯಾಗಿ ಕಾರಿನೊಳಗೆ ಕೂತಿತು. ಬುಧವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಒಳ್ಳೆಯ ಹೊತ್ತಿದೆ, ಹನ್ನೆರಡಕ್ಕೆ ರಾಹುಕಾಲ ಶುರು, ಅಷ್ಟರೊಳಗೆ ಮುಗಿಯಬೇಕು ಎಂದು ನಾನೇ ಪಂಚಾಂಗ ನೋಡಿ ಹೇಳಿದೆ. ನಮ್ಮದು ತಲೆತಲಾಂತರದಿಂದ ದೇವಸ್ಥಾನದ ಸೇವೆ ಮಾಡಿಕೊಂಡು ಬಂದ ಮನೆತನ. ನಮ್ಮಪ್ಪ, ಚಿಕ್ಕಪ್ಪ ಎಲ್ಲ ಅದರಲ್ಲೇ ಇದ್ದವರು. ನಾನೊಬ್ಬ ಸೈನ್ಸು ಓದಿ ಹಾಳಾದೆ ಎಂದು ಚಿಕ್ಕಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಪೂರಾ ಹಾಳಾಗಿರಲಿಲ್ಲ ಎಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

ಆ ಬುಧವಾರ ಒಂಬತ್ತೂವರೆಗೇ ನಾನು ಮಡಿಪಂಚೆ ಉಟ್ಟು, ತಟ್ಟೆಯಲ್ಲಿ ಅರಿಶಿನ, ಕುಂಕುಮ, ಹೂವು, ಕಾಯಿ ಇಟ್ಟುಕೊಂಡು ಶೆಡ್ಡಿಗೆ ಹೋದೆ. ಜಯ ಮನೆ ಕೆಲಸ ಮುಗಿಸಿ ಆಮೇಲೆ ಬರುತ್ತೇನೆ ಎಂದಿದ್ದಳು. ನಿಂಗೇಗೌಡ ಆಯಿಲು, ನೀರು ಎಲ್ಲ ತುಂಬಿ, ಎಲ್ಲ ಬೋಲ್ಟನ್ನೂ ಇನ್ನೊಮ್ಮೆ ಬಿಗಿ ನೋಡಿ, ಬಾನೆಟ್ಟು ತೆರೆದೇ ಇಟ್ಟಿದ್ದ. ನೀವು ಪೂಜೆ ಮಾಡ್ಕೊಳ್ಳಿ ಸಾರ್, ನಾನೊಂದ್ ಟೀ ಕುಡ್ಕೊಂಡ್ ಬತ್ತೀನಿ ಎಂದು ಎದುರಿನ ಅಂಗಡಿಗೆ ಹೋದ. ಶೆಡ್ಡಿನಲ್ಲಿ ನಾನು, ಇಂಜಿನ್ನು, ಇಬ್ಬರೇ.

ನೀವಾಗಿದ್ದರೆ ಬಾನೆಟ್ಟಿಗೆ ಮೂರು ಬೊಟ್ಟಿಟ್ಟು, ಒಂದು ಹೂವು ಸಿಕ್ಕಿಸಿ ಮುಗಿಸುತ್ತಿದ್ದಿರಿ. ಎಲ್ಲರೂ ಆಯುಧಪೂಜೆಯಲ್ಲಿ ಮಾಡುವುದೂ ಅಷ್ಟೇ. ನನಗೆ ಮಾತ್ರ ಹೊರಗಿನ ತಗಡಿಗೆ ಪೂಜೆ ಮಾಡಿ ಏನು ಬಂತು, ಕೆಲಸ ಮಾಡಬೇಕಾದದ್ದು ಒಳಗಿರುವುದು ತಾನೆ ಅನ್ನಿಸಿತು. ದೇವರಿಗೆ ಪಾದದಿಂದ ತಲೆಯವರೆಗೆ ಒಂದೊಂದೇ ಅಂಗ ಹೆಸರಿಸಿ ಅಂಗಪೂಜೆ ಮಾಡುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಇಂಜಿನ್ನಿಗೂ ಯಾಕಾಗಬಾರದು ಎಂದು ಶುರು ಮಾಡಿಯೇಬಿಟ್ಟೆ. ಪಾದೌ ಪೂಜಯಾಮಿ ಎಂದು ಇಂಜಿನ್ ಕೂತಿದ್ದ ಬೋಲ್ಟುಗಳಿಗೆ ಕುಂಕುಮ ಇಟ್ಟೆ. ಉದರಂ ಪೂಜಯಾಮಿ ಎಂದು ಆಯಿಲ್ ತುಂಬುವ ಮುಚ್ಚಳಕ್ಕೆ. ಹೃದಯಂ ಎಂದು ಕಾರ್ಬೊರೇಟರಿಗೆ. ಕೊನೆಗೆ ಶಿರಃ ಪೂಜಯಾಮಿ ಎಂದು, ಪ್ಲಗ್ಗುಗಳಿಗೆಲ್ಲ ಕರೆಂಟು ಹಂಚುತ್ತದಲ್ಲ, ಆ ಕಪ್ಪು ಟೋಪಿಗೆ ಬಂದೆ. ಅದರ ನೆತ್ತಿಯಿಂದ ನಾಲ್ಕು ವೈರು ನಾಲ್ಕು ಪ್ಲಗ್ಗಿಗೆ ಹೋಗುತ್ತವೆ. ವೈರಿಗೆ ಅರಿಶಿನ ಹಚ್ಚಿದರೆ ರಬ್ಬರಿನ ಮೇಲೆ ನಿಲ್ಲಲಿಲ್ಲ, ಜಾರಿಹೋಯಿತು. ಬುಡಕ್ಕೆ ಹಚ್ಚೋಣ ಎಂದು ನಾಲ್ಕನ್ನೂ ಟೋಪಿಯಿಂದ ಕಿತ್ತೆ. ಒಂದೊಂದರ ತುದಿಗೂ ಅರಿಶಿನ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ಮತ್ತೆ ಸಿಕ್ಕಿಸಿದೆ. ಹೇಗೆ ಸಿಕ್ಕಿಸಿದೆ ಎಂದರೆ, ಒಂದನೇ ಪ್ಲಗ್ಗಿನದರಿಂದ ಶುರು ಮಾಡಿ, ಬಲಕ್ಕೆ ಪ್ರದಕ್ಷಿಣೆಯಾಗಿ, ಒಂದು ಎರಡು ಮೂರು ನಾಲ್ಕು ಎಂದು ಸಾಲಾಗಿ. ನಮ್ಮ ವಂಶದಲ್ಲಿ ಯಾರೂ ಯಾವುದನ್ನೂ ಅಡ್ಡಾದಿಡ್ಡಿ ಸುತ್ತಿದವರಲ್ಲ. ಕರ್ಪೂರ ಹಚ್ಚೋಣ ಎಂದುಕೊಂಡೆ, ಪಕ್ಕದಲ್ಲಿ ಪೆಟ್ರೋಲಿತ್ತು. ಸೈನ್ಸು ಆಗ ಒಂದು ಕ್ಷಣ ಕಣ್ಣುಬಿಟ್ಟು, ಬೇಡ ಎಂದು ಹೇಳಿ ಮತ್ತೆ ಮಲಗಿತು.

ಹತ್ತು ಗಂಟೆಯ ಹೊತ್ತಿಗೆ ಜನ ಸೇರಿದರು. ನನ್ನ ಜೊತೆ ಕೆಲಸ ಮಾಡಿದ್ದ ಇಬ್ಬರು ಮೇಷ್ಟ್ರುಗಳು, ನಮ್ಮ ಬೀದಿಯವರು, ಟೀ ಅಂಗಡಿಯಿಂದ ಎದ್ದು ಬಂದವರು. ರಾಜಣ್ಣ ನಾಗಮಂಗಲದಿಂದ ಬಿಳಿ ಅಂಗಿ ಹಾಕಿಕೊಂಡು ಬಂದು ಒಂದು ಟೈರಿನ ಮೇಲೆ ಕೂತ. ಜಯ ಬಂದು ನೆರಳಿನಲ್ಲಿ ನಿಂತಳು. ನಿಂಗೇಗೌಡ ಕೀಲಿಕೈಯನ್ನು ನನ್ನ ಕೈಗೆ ಕೊಟ್ಟು, ಒಂದ್ಸಲ ಎದ್ರೆ ಇಪ್ಪತ್ತು ನಿಮಿಷ ನಿಲ್ಲಿಸಂಗಿಲ್ಲ ಸಾರ್ ಎಂದ. ಸರಿಯಾಗಿ ಹತ್ತೂಕಾಲಕ್ಕೆ ನಾನು ತಿರುಗಿಸಿದೆ. ಇಂಜಿನ್ನು ಗರಗರ ತಿರುಗಿತು, ಏಳಲಿಲ್ಲ. ಇನ್ನೊಮ್ಮೆ ತಿರುಗಿಸಿದೆ. ಕಾರ್ಬೊರೇಟರಿನಿಂದ ಫಟ್ ಎಂದು ಬೆಂಕಿ ಉಗುಳಿತು, ಬಾನೆಟ್ಟಿನ ಪಕ್ಕ ಬಗ್ಗಿ ನೋಡುತ್ತಿದ್ದ ಮೇಷ್ಟ್ರೊಬ್ಬರು ಟೋಪಿ ಹಿಡಿದುಕೊಂಡು ಹಿಂದಕ್ಕೆ ಹೋದರು. ಮೂರನೆಯ ಸಲಕ್ಕೆ ಕಾರು ಪೂರಾ ಒದರಿಕೊಂಡು ಸುಮ್ಮನಾಯಿತು.

ನಮ್ಮ ಜನಕ್ಕೆ ಕೆಟ್ಟ ಗಾಡಿಯ ಮುಂದೆ ನಿಂತರೆ ವಿದ್ಯೆ ತಾನಾಗಿ ಬರುತ್ತದೆ. ಒಬ್ಬರು ಪೆಟ್ರೋಲು ಬರುತ್ತಿಲ್ಲ ಎಂದರು. ಇನ್ನೊಬ್ಬರು ಜಾಸ್ತಿ ಬರುತ್ತಿದೆ ಎಂದರು. ಟೀ ಅಂಗಡಿಯವನು ತಳ್ಳಿದರೆ ಏಳುತ್ತೆ ಎಂದ. ನಿಂಗೇಗೌಡ ಯಾರ ಮಾತಿಗೂ ಉತ್ತರ ಕೊಡದೆ ಪೆಟ್ರೋಲ್ ಪೈಪು ಬಿಚ್ಚಿ ನೋಡಿದ, ಬರುತ್ತಿತ್ತು. ಪ್ಲಗ್ಗು ತೆಗೆದು ಕಿಡಿ ನೋಡಿದ, ಅದೂ ಬರುತ್ತಿತ್ತು. ಮತ್ತೆ ಜೋಡಿಸಿ ಕೀಲಿ ತಿರುಗಿಸಿದರೆ ಮತ್ತದೇ ಫಟ್. ಅವನು ಬಗ್ಗಿ, ಕಣ್ಣು ಕಿರಿದು ಮಾಡಿಕೊಂಡು, ಇಂಜಿನ್ನಿನೊಳಕ್ಕೆ ಮುಖ ಇಟ್ಟು ನೋಡತೊಡಗಿದ. ಆಗ ಹಿಂದಿನಿಂದ ಯಾರೋ, "ಪಾಪ, ಕಾಣ್ತಾ ಇಲ್ಲ ಕಣ್ಲಾ ಅವನಿಗೆ" ಅಂದರು. ಮೆಲ್ಲಗೇ ಅಂದರು, ಆದರೆ ಶೆಡ್ಡಿನಲ್ಲಿ ಎಲ್ಲರಿಗೂ ಕೇಳಿಸಿತು. ನಿಂಗೇಗೌಡನ ಕುತ್ತಿಗೆ ಕೆಂಪಾದದ್ದು ನನಗೆ ಕಾಣಿಸಿತು. ರಾಜಣ್ಣ ಗಡಿಯಾರ ನೋಡಿಕೊಂಡ.

ಎರಡನೆಯ ಫಟ್ಟಿಗೇ ನನಗೆ ಗೊತ್ತಾಗಿತ್ತು. ಹೇಳಿದರೆ ನಾಚಿಕೆ, ಆದರೂ ಹೇಳುತ್ತೇನೆ. ನಾಲ್ಕು ಸಿಲಿಂಡರಿನ ಇಂಜಿನ್ನಿಗೆ ಕಿಡಿ ಸಾಲಾಗಿ ಹೋಗುವುದಿಲ್ಲ. ನಮ್ಮ ಕಾರಿನಂಥದರಲ್ಲಿ ಮೊದಲು ಒಂದಕ್ಕೆ, ಆಮೇಲೆ ಮೂರಕ್ಕೆ, ಆಮೇಲೆ ನಾಲ್ಕಕ್ಕೆ, ಕೊನೆಗೆ ಎರಡಕ್ಕೆ. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಬಾಣ ಹಾಕಿ, ವರ್ಷಾವರ್ಷ ಹೇಳಿಕೊಟ್ಟವನು ನಾನು. ಸಾಲಾಗಿ ಬರೆದ ಮಕ್ಕಳಿಗೆ ಸೊನ್ನೆ ಕೊಟ್ಟವನೂ ನಾನೇ. ಈಗ ಪ್ರದಕ್ಷಿಣೆ ಹಾಕಿಸಿ ವೈರು ಸಿಕ್ಕಿಸಿದ್ದೆ. ಬಾಯಿಬಿಟ್ಟು ಹೇಳಬೇಕಾಗಿದ್ದದ್ದು ಒಂದೇ ಮಾತು, ನಾನು ವೈರು ಕಿತ್ತಿದ್ದೆ ಕಣಪ್ಪ ಎಂದು. ಜೊತೆಯ ಮೇಷ್ಟ್ರುಗಳನ್ನು ನೋಡಿದೆ, ಹಳೆಯ ವಿದ್ಯಾರ್ಥಿಯನ್ನು ನೋಡಿದೆ, ಉಟ್ಟಿದ್ದ ಮಡಿಪಂಚೆ ನೋಡಿಕೊಂಡೆ. ಸೈನ್ಸ್ ಮೇಷ್ಟ್ರು ಇಂಜಿನ್ನಿಗೆ ಅಂಗಪೂಜೆ ಮಾಡಿ ಕೆಡಿಸಿದರು ಎಂಬ ಮಾತು ನಾಲ್ಕು ತಾಲ್ಲೂಕು ಸುತ್ತುವುದು ಕಣ್ಣಿಗೆ ಕಟ್ಟಿತು. ಇನ್ನೈದು ನಿಮಿಷ ಬಿಟ್ಟು ಹೇಳೋಣ ಎಂದುಕೊಂಡೆ. ಐದು ನಿಮಿಷ ಆದಮೇಲೆ ಇನ್ನೈದು. ಹೀಗೆ ಮಾಡುತ್ತಲೇ ಹನ್ನೊಂದೂವರೆಯಾಯಿತು.

ಅಷ್ಟರಲ್ಲಿ ನಿಂಗೇಗೌಡ ಕಣ್ಣಿನಿಂದ ನೋಡುವುದನ್ನು ಬಿಟ್ಟು ಬೆರಳಿನಿಂದ ತಡವಲು ಶುರು ಮಾಡಿದ. ಒಂದೊಂದೇ ವೈರು ಹಿಡಿದು ಪ್ಲಗ್ಗಿನಿಂದ ಆ ಕಪ್ಪು ಟೋಪಿಯವರೆಗೆ ಹೋದ. ಎರಡನೆಯದನ್ನು ಕಿತ್ತು ನೋಡಿ ಹಾಗೇ ನಿಂತ. ಅವನ ಹೆಬ್ಬೆರಳಿಗೆ ಅರಿಶಿನ ಹತ್ತಿತ್ತು. ಬೆರಳನ್ನು ಮೂಗಿನ ಹತ್ತಿರ ಹಿಡಿದ. ತಲೆಯೆತ್ತಿ ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ. ನಾನು ಶೆಡ್ಡಿನ ತಗಡು ನೋಡಿದೆ. ಅವನು ಮೂರು ವೈರುಗಳನ್ನು ಒರಸಿ, ಜಾಗ ಬದಲಾಯಿಸಿ, ಬೆರಳನ್ನು ಪ್ಯಾಂಟಿಗೆ ಒರಸಿಕೊಂಡ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ನನ್ದೇ ಕೈತಪ್ಪು. ವೈರು ಹಿಂದುಮುಂದು ಹಾಕ್ಬುಟ್ಟಿದ್ದೆ."

ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಅದರ ಸದ್ದನ್ನು ಏನೆಂದು ಹೇಳಲಿ, ಮಗಳು ಹುಟ್ಟಿದ ವರ್ಷದಲ್ಲಿ ಕೇಳಿದ್ದ ಸದ್ದೇ ಅದು. ಇಂಜಿನ್ನಿಗೆ ಬಳಿದಿದ್ದ ಹೊಸ ಬಣ್ಣ ಕಾದು ಒಂದಿಷ್ಟು ಹೊಗೆ ಬಂದು ನಿಂತಿತು. ನಿಂಗೇಗೌಡ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು, ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೇಳುತ್ತಾ ನಿಂತ. ಅಂಥ ಕೆಲಸ ಈಗ ಯಾರೂ ಮಾಡುವುದಿಲ್ಲ. ಒಂದು ತೊಟ್ಟು ಆಯಿಲು ಕೆಳಗೆ ಬೀಳಲಿಲ್ಲ. ಆದರೆ ಅದನ್ನು ನೋಡಲು ರಾಜಣ್ಣ ಇರಲಿಲ್ಲ. ನಿಂಗೇಗೌಡ ಕೈತಪ್ಪು ಎಂದ ಕೂಡಲೇ ಅವನು ಟೈರಿನಿಂದ ಎದ್ದು ಪ್ಯಾಂಟು ಕೊಡವಿಕೊಂಡು ನನ್ನ ಹತ್ತಿರ ಬಂದಿದ್ದ. ಗೌಡ್ರಿಗೆ ವಯಸ್ಸಾಯ್ತು ಸಾರ್, ವೈರನ್ನೇ ಮರೆತರೆ ಹೆಂಗೆ, ಜೀಪನ್ನ ಬೇರೆ ಕಡೆ ತೋರಿಸ್ತೀನಿ ಎಂದು ಮೆಲ್ಲಗೆ ಹೇಳಿ ಹೊರಟುಹೋದ. ನಾನು ಹೂಂ ಅಂದೆ. ನನ್ನ ಜೀವಮಾನದಲ್ಲಿ ಅಂದ ಹೂಂಗಳಲ್ಲೆಲ್ಲ ಅದು ಅತಿ ಕೆಟ್ಟದ್ದು.

ಎಲ್ಲರೂ ಹೋದಮೇಲೆ ನಿಂಗೇಗೌಡನನ್ನು ಕೇಳಿದೆ, ಯಾಕಪ್ಪ ಹಾಗಂದೆ ಎಂದು. ಅವನು ಸಾಮಾನು ಎತ್ತಿಡುತ್ತಲೇ ಇದ್ದ. "ನೀವು ಮೇಷ್ಟ್ರು ಸಾರ್. ನನ್ ಮಗಳಿಗೆ ಪಾಠ ಹೇಳಿದೋರು. ನಾಲ್ಕ್ ಜನದ ಮುಂದೆ ನಿಮ್ಗ್ಯಾಕೆ ಅದು, ಬುಡಿ" ಎಂದ. ಕೋಪವಿದ್ದಿದ್ದರೆ ಬೈದುಬಿಡುತ್ತಿದ್ದನೋ ಏನೋ, ನನಗೂ ಹಗುರವಾಗುತ್ತಿತ್ತು. ಕಾರು ಹೊರಡುವಾಗ, ಸಾವಿರ ಕಿಲೋಮೀಟರ್ ಆಗೋಗಂಟ ನಲವತ್ತರ ಮೇಲೆ ಓಡಿಸಬೇಡಿ ಎಂದಷ್ಟೇ ಹೇಳಿದ.

ಅಲ್ಲಿಂದ ಒಂಬತ್ತು ದಿನ ನಾನು ಹೇಗೆ ಕಳೆದೆ ಎಂದು ನನಗೇ ಗೊತ್ತು. ಕಾರು ಹೂವಿನ ಹಾಗೆ ಓಡುತ್ತಿತ್ತು, ಅದೇ ಕಷ್ಟ. ಕೆಟ್ಟಿದ್ದರೆ ಇಬ್ಬರ ತಪ್ಪೂ ಸಮವಾಗುತ್ತಿತ್ತು. ತರಕಾರಿ ತರಲು ಹೋದರೆ ಎದುರು ಸಿಕ್ಕವರು, ನಿಂಗೇಗೌಡನಿಗೆ ಯಾಕೆ ಕೊಟ್ರಿ ಸಾರ್, ನಿಮ್ಮದು ಮೃದು ಮನಸ್ಸು ಎಂದು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ಅನ್ನ ಸೇರಲಿಲ್ಲ. ಹತ್ತನೆಯ ದಿನ ಬೆಳಿಗ್ಗೆ ನಾಗಮಂಗಲಕ್ಕೆ ಹೋಗಿಬರೋಣ ನಡಿ ಎಂದು ಜಯಳಿಗೆ ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ. ಸೀರೆ ಬದಲಾಯಿಸಿಕೊಂಡು ಬಂದು ಕೂತಳು.

ನಲವತ್ತರಲ್ಲಿ ಹೋಗುವ ಕಾರಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ. ಪಾಂಡವಪುರ ದಾಟುವಷ್ಟರಲ್ಲಿ ಎರಡು ಬಸ್ಸು, ಒಂದು ಹಾಲಿನ ಟೆಂಪೋ, ಗಂಡ ಹೆಂಡತಿ ಎರಡು ಮಕ್ಕಳು ಕೂತಿದ್ದ ಒಂದು ಮೊಪೆಡ್ಡು ನಮ್ಮನ್ನು ಹಿಂದೆ ಹಾಕಿದವು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ರಾಜಣ್ಣನ ತೋಟದ ಮನೆಯ ಜಗಲಿಯಲ್ಲಿ ಕೂತು, ಎಳನೀರು ಮುಟ್ಟುವ ಮುಂಚೆಯೇ ಎಲ್ಲವನ್ನೂ ಒಪ್ಪಿಸಿಬಿಟ್ಟೆ. ಪಾದೌ ಪೂಜಯಾಮಿಯಿಂದ ಹಿಡಿದು ಹೂಂವರೆಗೆ ಒಂದನ್ನೂ ಬಿಡಲಿಲ್ಲ. ರಾಜಣ್ಣ ಕೇಳುತ್ತಾ ಕೇಳುತ್ತಾ ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಎದ್ದು ಬಂದು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ.

"ನೀವು ದೇವರಂಥೋರು ಸಾರ್. ಗೌಡ್ರ ತಪ್ಪನ್ನ ನಿಮ್ಮ ಮೇಲೆ ಹಾಕ್ಕೊಳ್ಳೋಕೆ ಇಷ್ಟು ದೂರ ಬಂದಿದೀರ" ಎಂದ.

ನಾನು ಇಲ್ಲಪ್ಪ, ನಿಜವಾಗಿಯೂ ನಾನೇ ಎಂದೆ. ಅವನು ತಲೆಯಾಡಿಸಿ ನಕ್ಕ. ಒಂದು ಮೂರು ನಾಲ್ಕು ಎರಡು ಅಂತ ನಮಗೆ ಹೊಡೆದು ಹೇಳಿಕೊಟ್ಟೋರು ನೀವು, ನನಗೆ ಇವತ್ತಿಗೂ ನೆನಪಿರೋ ಪಾಠ ಅದೊಂದೇ, ನೀವು ಸಾಲಾಗಿ ಹಾಕ್ತೀರಾ, ಯಾರಾದ್ರೂ ನಂಬ್ತಾರಾ ಎಂದ. ನಾನು ದೇವರಾಣೆ ಎಂದೆ. ಅವನ ಭಕ್ತಿ ಇನ್ನೂ ಹೆಚ್ಚಾಯಿತು. ನಾನು ನಿಜ ಹೇಳಿದಷ್ಟೂ ನನ್ನ ಹೆಸರು ಮೇಲೆ ಹೋಗುತ್ತಿತ್ತು, ನಿಂಗೇಗೌಡನ ಹೆಸರು ಕೆಳಗೆ ಇಳಿಯುತ್ತಿತ್ತು. ಜೀಪನ್ನು ನಾಳೆಯೇ ಬೇರೆ ಕಡೆ ಎಳೆದುಕೊಂಡು ಹೋಗುತ್ತಾರೆ ಎಂದೂ ಹೇಳಿದ.

ಆಗ ಅಷ್ಟು ಹೊತ್ತೂ ಸುಮ್ಮನೆ ಎಳನೀರು ಕುಡಿಯುತ್ತಿದ್ದ ಜಯ ಲೋಟ ಕೆಳಗಿಟ್ಟಳು. "ಅವರು ಹೇಳ್ತಿರೋದು ನಿಜ ರಾಜಣ್ಣ. ಅವರೇ ಮಾಡಿದ್ದು" ಎಂದಳು. ಆಮೇಲೆ ಕಚೇರಿಯಲ್ಲಿ ದಾಖಲೆ ಓದುವ ದನಿಯಲ್ಲಿ ನನ್ನ ಸಂಸಾರದ ಚರಿತ್ರೆ ಓದಿದಳು. ಹೊಸ ಮಿಕ್ಸಿಗೆ ಪೂಜೆ ಮಾಡುವಾಗ ಅದರ ಹೊಟ್ಟೆಯೊಳಗೆ ನಾನು ಗಂಧ ಸುರಿದದ್ದು, ನೀರಿನ ಮೋಟಾರಿಗೆ ಸಂಕ್ರಾಂತಿಯ ದಿನ ಅಭಿಷೇಕ ಮಾಡಿ ಸುಟ್ಟದ್ದು, ಗ್ಯಾಸಿನ ಒಲೆಯ ರಂಧ್ರಗಳನ್ನೆಲ್ಲ ಅರಿಶಿನದಿಂದ ಮುಚ್ಚಿದ್ದು. ಪ್ರತಿಯೊಂದಕ್ಕೂ ವರ್ಷ, ಹಬ್ಬ, ರಿಪೇರಿಗೆ ಬಂದವನ ಹೆಸರು ಎಲ್ಲ ಹೇಳಿದಳು. ಪ್ರತಿ ಸಲವೂ ಇವರು ರಿಪೇರಿಯವನನ್ನೇ ಬೈದು ಕಳಿಸಿದ್ದರು ಎಂದೂ ಸೇರಿಸಿದಳು. ರಾಜಣ್ಣ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದ. ಅವನ ಮುಖದಲ್ಲಿದ್ದ ಭಕ್ತಿ ನನ್ನ ಕಣ್ಣೆದುರಿಗೇ ಇಳಿದುಹೋಯಿತು. ಮೂವತ್ತೆರಡು ವರ್ಷ ಕಟ್ಟಿದ್ದು ಇಳಿಯಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವನು ಅಲ್ಲೇ ನಿಂಗೇಗೌಡನಿಗೆ ಫೋನು ಮಾಡಿ, ನಾಳೆ ಜೀಪು ಕಳಿಸ್ತೀನಿ ಗೌಡ್ರೇ, ನಮ್ಮ ಮಾವಂದೂ ಒಂದಿದೆ ಎಂದ. ಫೋನಿನ ಆ ಕಡೆಯಿಂದ ಕಳಿಸಿ ಎಂಬ ಒಂದೇ ಮಾತು ಕೇಳಿಸಿತು.

ವಾಪಸು ಬರುವಾಗ ಮನಸ್ಸು ಹಗುರವಾಗಿತ್ತು. ನನ್ನ ಮಾತನ್ನು ನೀನೊಬ್ಬಳಾದರೂ ಒಂದೇ ಸಲಕ್ಕೆ ನಂಬಿದೆಯಲ್ಲ ಎಂದು ಜಯಳಿಗೆ ಹೇಳಿದೆ.

"ನಂಬೋದೇನು, ಗೊತ್ತಿತ್ತು" ಎಂದಳು. "ಆವತ್ತು ಶೆಡ್ಡಿಗೆ ಬಂದಾಗಲೇ ನಿಮ್ಮ ಮಡಿಪಂಚೆ ಮೇಲೆ ಗ್ರೀಸ್ ಬೆರಳಿನ ಗುರುತಿತ್ತು."

"ಮತ್ತೆ ಆವತ್ತೇ ಯಾಕೆ ಹೇಳಲಿಲ್ಲ?"

"ನೀವಾಗಿ ಹೇಳ್ತೀರೋ ಇಲ್ವೋ ನೋಡೋಣ ಅಂತಿದ್ದೆ. ಗೌಡ್ರು ತಪ್ಪು ತಮ್ಮ ಮೇಲೆ ಹಾಕ್ಕೊಂಡಾಗಲಾದ್ರೂ ಹೇಳ್ತೀರ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಅವಳು ಕಿಟಕಿಯ ಹೊರಗೆ ನೋಡತೊಡಗಿದಳು. ಹಿಂದಿನಿಂದ ಬಂದ ಬಸ್ಸು ಹಾರ್ನು ಹೊಡೆದು ಮುಂದೆ ಹೋಯಿತು. ನನಗೂ ಹಾಗೇ ಕಾಲು ಒತ್ತಿ ಆದಷ್ಟು ಬೇಗ ಮನೆ ಸೇರಿಬಿಡೋಣ ಅನ್ನಿಸಿತು, ಆದರೆ ಇಂಜಿನ್ನು ಹೊಸದು. ನಲವತ್ತರಲ್ಲಿ ಹೋದರೆ ನಾಗಮಂಗಲದಿಂದ ಶ್ರೀರಂಗಪಟ್ಟಣ ಬಹಳ ದೂರ.